ದಿಗ್ವ್ರತವೂ ದೂರದೇಶದ ವ್ಯಾಪಾರವೂ

ಗೃಹಸ್ಥನ ಬಾಳಿನಲ್ಲಿ ಐವತ್ತು ದಾಟಿದ ವಯಸ್ಸು ಒಂದು ಕವಲುದಾರಿ. ದುಡಿಯುವ ಶಕ್ತಿ ಮೈಯಲ್ಲಿ ಇನ್ನೂ ಇರುತ್ತದೆ. ಹೊಸ ನೆಲದಲ್ಲಿ ಬೇರೂರುವ ಶಕ್ತಿ ಉಳಿದಿದೆಯೇ ಎಂಬ ಸಂಶಯವೂ ಆಗಲೇ ಮೂಡಿರುತ್ತದೆ. ಮಕ್ಕಳು ಪೂರ್ತಿ ನೆಲೆ ನಿಂತಿರುವುದಿಲ್ಲ. ಹಿರಿಯರು ಕಣ್ಣೆದುರಿಗೇ ಇರುತ್ತಾರೆ. ಅಂಥ ವೇಳೆಯಲ್ಲಿ ದೂರದೇಶದಿಂದ ಕರೆ ಬಂದರೆ ಶ್ರಾವಕನಾದವನು ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಲಾಭನಷ್ಟದ ತಕ್ಕಡಿ ವ್ಯಾಪಾರಿಗೆ ಕೈಗೆ ಬಂದದ್ದೇ. ವ್ರತದ ತಕ್ಕಡಿಯನ್ನು ಮಾತ್ರ ಹುಡುಕಿ ತೆಗೆಯಬೇಕಾಗುತ್ತದೆ. ಲಕ್ಕವಳ್ಳಿಯ ಒಬ್ಬ ವರ್ತಕರು ಕೆಲವು ವರ್ಷಗಳ ಹಿಂದೆ ಇವೆರಡನ್ನೂ ಹಿಡಿದು ನಾಲ್ಕು ತಿಂಗಳು ಕಳೆದರು. ಅವರ ಹೆಸರು ಇಲ್ಲಿ ಅಗತ್ಯವಿಲ್ಲ; ಅವರ ಲೆಕ್ಕ ಮಾತ್ರ ಅನೇಕ ಮನೆಗಳಿಗೆ ಉಪಯೋಗಕ್ಕೆ ಬರುವಂಥದು.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಎಂದೊಡನೆ ನೆನಪಾಗುವುದು ಭದ್ರಾ ಅಣೆಕಟ್ಟು. 1965ರ ಹೊತ್ತಿಗೆ ಮುಗಿದ ಈ ಜಲಾಶಯದ ಪೂರ್ಣಮಟ್ಟ 186 ಅಡಿ. ಮಳೆಗಾಲ ಬಂತೆಂದರೆ ದಾವಣಗೆರೆಯ ಕಡೆಯ ಭತ್ತದ ರೈತನೂ ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ಲಕ್ಕವಳ್ಳಿಯ ನೀರಿನ ಅಂಕಿಯನ್ನು. ಆ ನೀರು ಬಯಲುಸೀಮೆಗೆ ಅನ್ನ ಕೊಟ್ಟಿತು. ಮೇಲಣ ಕಣಿವೆಯ ಎಷ್ಟೋ ತೋಟ ಗದ್ದೆಗಳನ್ನು ನುಂಗಿತು. ಈ ವರ್ತಕರ ಮನೆತನದ ಅಡಿಕೆ ತೋಟವೂ ಹಾಗೆ ಮುಳುಗಿದವುಗಳಲ್ಲಿ ಒಂದು. ಪರಿಹಾರದ ಹಣ ಹಿಡಿದು ಅವರ ತಂದೆಯವರು ಲಕ್ಕವಳ್ಳಿಗೆ ಬಂದು, ಅಣೆಕಟ್ಟೆಯ ಕೆಲಸಗಾರರಿಗೆ ಅಕ್ಕಿ, ಬೇಳೆ, ಬೆಲ್ಲ ಮಾರುವ ಚಿಕ್ಕ ಅಂಗಡಿ ತೆರೆದರು. ಕೆಲಸಗಾರರು ಹೋದರು, ಅಂಗಡಿ ಉಳಿಯಿತು. ವರ್ಷಕ್ಕೊಮ್ಮೆ ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ಹೋಗಿ ಜ್ವಾಲಾಮಾಲಿನಿ ಅಮ್ಮನವರ ದರ್ಶನ ಮಾಡಿ ಬರುವುದು, ಅಲ್ಪಸ್ವಲ್ಪ ತೋಟ ಕೊಳ್ಳುವುದು, ಮಕ್ಕಳನ್ನು ಓದಿಸುವುದು, ಹೀಗೆ ಎರಡು ತಲೆಮಾರು ಕಳೆದವು.

ಮಗನ ಕಾಲಕ್ಕೆ ಅಂಗಡಿಯ ವ್ಯಾಪಾರ ಇಳಿಯಿತು. ಶಿವಮೊಗ್ಗದ ದೊಡ್ಡ ಮಳಿಗೆಗಳು, ಫೋನಿನಲ್ಲಿ ಒತ್ತಿದರೆ ಮನೆಬಾಗಿಲಿಗೆ ಬರುವ ಸಾಮಾನು, ಇವುಗಳ ನಡುವೆ ಹಳ್ಳಿಯ ದಿನಸಿ ಅಂಗಡಿಗೆ ಉಳಿದದ್ದು ಉದ್ದರಿ ಗಿರಾಕಿಗಳು. ತೋಟಕ್ಕೆ ಎಲೆಚುಕ್ಕೆ ರೋಗ ತಗುಲಿತು. ಮಗಳ ಮದುವೆ, ಕೊಳವೆಬಾವಿ, ಮನೆಯ ದುರಸ್ತಿ ಸೇರಿ ಸಾಲ 18 ಲಕ್ಷಕ್ಕೆ ಬಂದು ನಿಂತಿತ್ತು. ಆಗ ಅವರಿಗೆ ಐವತ್ತೆರಡು ವರ್ಷ.

ಕರೆ ಬಂದದ್ದು ಉಗಾಂಡದ ರಾಜಧಾನಿ ಕಂಪಾಲಾದಿಂದ. ಅಕ್ಕನ ಮಗ ಅಲ್ಲಿ ಕಬ್ಬಿಣ, ಸಿಮೆಂಟು, ಕೊಳಾಯಿ ಸಾಮಾನಿನ ಸಗಟು ವ್ಯಾಪಾರ ಮಾಡಿ ಚೆನ್ನಾಗಿ ನೆಲೆ ನಿಂತಿದ್ದ. “ಮಾವ, ಗುಮಾಸ್ತರು ಇಲ್ಲಿ ಬೇಕಾದಷ್ಟು ಸಿಗ್ತಾರೆ. ಕಿರ್ದಿ ನೋಡಿ ‘ಇದು ಸರಿ ಇಲ್ಲ’ ಅಂತ ಮುಖಕ್ಕೆ ಹೇಳೋರು ಸಿಗಲ್ಲ. ಅತ್ತೇನೂ ಕರ್ಕೊಂಡು ಬನ್ನಿ. ನಾಲ್ಕಾಣೆ ಪಾಲು ನಿಮ್ಮದು,” ಎಂದು ಅವನು ಕೇಳಿದ. ಅವನ ಮಾತಿನಲ್ಲಿ ಪ್ರೀತಿಯೂ ಇತ್ತು, ಅವನಿಗೊಂದು ಆಸರೆಯ ಅಗತ್ಯವೂ ಇತ್ತು. ಎರಡು ವರ್ಷದ ಪಾಲಿನ ಹಣದಲ್ಲಿ ಸಾಲ ತೀರುತ್ತಿತ್ತು; ಮೂರನೆಯ ವರ್ಷದಿಂದ ಬಂದದ್ದೆಲ್ಲ ಉಳಿತಾಯ. ಪದವಿಯ ಕೊನೆಯ ವರ್ಷದಲ್ಲಿದ್ದ ಮಗನನ್ನು ವಿದೇಶದಲ್ಲಿ ಓದಿಸಬಹುದಾಗಿತ್ತು.

ಉಷ್ಣವಲಯದ ದೇಶವೆಂದರೆ ಉರಿಬಿಸಿಲು, ರೋಗರುಜಿನ ಎಂದು ಹೆದರಿಸಿದವರು ಇದ್ದರು. ಆದರೆ ಕಂಪಾಲಾ ಭೂಮಧ್ಯರೇಖೆಯ ಬಳಿ ಇದ್ದರೂ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ವಿಕ್ಟೋರಿಯಾ ಸರೋವರ ಹತ್ತಿರವೇ ಇದೆ. ವರ್ಷಕ್ಕೆ ಎರಡು ಮಳೆಗಾಲ. ಕೆಂಪು ಮಣ್ಣು, ಬಾಳೆ, ಕಾಫಿ. ಅಳಿಯ ಕಳುಹಿಸಿದ ಚಿತ್ರಗಳನ್ನು ಕಂಡು ಮನೆಯವರೇ ಇದು ಬಾಬಾಬುಡನ್ ಗಿರಿಯ ತಪ್ಪಲೋ ಎಂದು ಕೇಳಿದರು. ಮಲೇರಿಯಾ ಅಲ್ಲಿ ವರ್ಷವಿಡೀ ಇರುವುದು ನಿಜ. ಒಂದು ಕಾಲಕ್ಕೆ ಮಲೆನಾಡೂ ಅದೇ ಜ್ವರಕ್ಕೆ ಹೆಸರಾಗಿತ್ತು. ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿಯೇ. ಆದುದರಿಂದ ಹವೆಯ ಭಯವನ್ನು ಅವರು ಬೇಗನೆ ಬದಿಗಿಟ್ಟರು.

ಬಿ.ಕಾಂ. ಓದಿದ ವರ್ತಕರಾದುದರಿಂದ ಅವರು ಹಳೆಯ ರೀತಿಯಲ್ಲಿ ಕಿರ್ದಿಯ ಹಾಳೆಯೊಂದನ್ನು ಮಡಿಸಿ, ಒಂದು ಬದಿಗೆ ಜಮಾ, ಇನ್ನೊಂದು ಬದಿಗೆ ಖರ್ಚು ಎಂದು ಬರೆದುಕೊಂಡರು. ಕಾನೂನನ್ನು ವಿಚಾರಿಸಿದರು. ವಿದೇಶದಲ್ಲಿ ನೆಲೆಸಿ ಅನಿವಾಸಿಯಾದವನು ಮೊದಲಿನಿಂದ ತನ್ನದಾಗಿದ್ದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು. ಹೊಸದಾಗಿ ತೋಟ, ಗದ್ದೆಗಳನ್ನು ಕೊಳ್ಳುವಂತಿಲ್ಲ. ಆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಉಳಿಯದು. ತಂದೆ ಒಮ್ಮೆ ನೀರಿಗೆ ಕೊಟ್ಟು, ಮತ್ತೆ ಎಕರೆ ಎಕರೆಯಾಗಿ ಕೂಡಿಸಿದ ಭೂಮಿಗೆ ಇನ್ನು ಒಂದು ಗುಂಟೆಯನ್ನೂ ಸೇರಿಸಲಾಗದು ಎಂಬ ಮಾತು ಖರ್ಚಿನ ಬದಿಗೆ ಹೋಯಿತು.

ಮುಂದಿನ ಬಾಬ್ತು ಲಸಿಕೆಯದು. ಉಗಾಂಡಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಒಯ್ಯಬೇಕು. ಪ್ರಮಾಣಪತ್ರ ಸಿಂಧುವಾಗುವುದು ಲಸಿಕೆಯಾದ ಹತ್ತು ದಿನಗಳ ಮೇಲೆ. ಪತ್ರವಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. 2016ರಿಂದ ಆ ಪತ್ರ ಜೀವನಪರ್ಯಂತ ನಡೆಯುತ್ತದೆ. ಈ ಲಸಿಕೆಯ ವೈರಾಣುವನ್ನು ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆಂದು ವೈದ್ಯರು ತಿಳಿಸಿದಾಗ ಅವರು ಒಂದು ಕ್ಷಣ ಸುಮ್ಮನಾದರು. ಬಳಿಕ ಅವರು ತೂಗಿದ ರೀತಿ ಗಮನಿಸತಕ್ಕದ್ದು. ಹೋಗುವುದಾದರೆ ಲಸಿಕೆ ಹಾಕಿಸಿಕೊಳ್ಳಲೇಬೇಕು. ಅದು ತನ್ನ ಪ್ರಾಣಕ್ಕೂ ಪರರ ಪ್ರಾಣಕ್ಕೂ ರಕ್ಷೆ, ಅದರಲ್ಲಿ ಚರ್ಚೆಯಿಲ್ಲ. ಹೋಗಲು ತಕ್ಕ ಕಾರಣವಿದ್ದರೆ ಇಂಥ ಹಿಂಸೆಗೆ ಪ್ರಾಯಶ್ಚಿತ್ತವೂ ಉಂಟು. ಆದರೆ ಕಾರಣವೇ ಸಾಲದಿದ್ದರೆ? ಆ ಸಾಲಿನ ಮುಂದೆ ಅವರು ಅಂಕಿ ಬರೆಯದೆ ಖಾಲಿ ಬಿಟ್ಟರು.

ಆ ದೇಶದ ಇತಿಹಾಸವನ್ನೂ ಅವರು ಓದಿದರು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರವರೆಗೆ ಬ್ರಿಟಿಷರು ಹಾಕಿದ ರೈಲುದಾರಿಗೆ ಭಾರತದಿಂದ ಹೋದ ಕೂಲಿಗಳು ಸುಮಾರು 32 ಸಾವಿರ. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ದಾರಿಯ ಗುಂಟ ಗುಜರಾತಿನ ವರ್ತಕರು ಒಳನಾಡಿಗೆ ನಡೆದರು. ಅವರಲ್ಲಿ ಜಾಮ್‌ನಗರದ ಕಡೆಯ ಓಸವಾಳ ಜೈನರೂ ಇದ್ದರು. ನೈರೋಬಿ, ಮೊಂಬಾಸಾಗಳಲ್ಲಿ ಅವರು ಕಟ್ಟಿದ ಜಿನಾಲಯಗಳು ಇಂದಿಗೂ ಇವೆ. ಉಗಾಂಡದ ಕಥೆ ಬೇರೆಯಾಯಿತು. 1972ರ ಆಗಸ್ಟ್‌ನಲ್ಲಿ ಇದಿ ಅಮೀನನು ಏಷ್ಯನ್ನರೆಲ್ಲ 90 ದಿನಗಳಲ್ಲಿ ದೇಶ ಬಿಡಬೇಕೆಂದು ಸಾರಿದ. ಐವತ್ತು ಸಾವಿರಕ್ಕೂ ಹೆಚ್ಚು ಜನ ಅಂಗಡಿ, ಕಾರ್ಖಾನೆ, ಮನೆಗಳನ್ನು ಬಿಟ್ಟು, ಸುಮಾರು 50 ಪೌಂಡ್ ನಗದು ಹಿಡಿದು ಹೊರಟರು. ಸುಮಾರು 28 ಸಾವಿರ ಮಂದಿ ಬ್ರಿಟನ್ ಸೇರಿದರು. ಅಮೀನನ ಆಳ್ವಿಕೆ 1979ರಲ್ಲಿ ಮುಗಿಯಿತು. 1986ರಲ್ಲಿ ಅಧಿಕಾರಕ್ಕೆ ಬಂದ ಮುಸೆವೆನಿಯವರ ಸರ್ಕಾರ ಹೊರದೂಡಲ್ಪಟ್ಟವರನ್ನು ಮರಳಿ ಕರೆದು, ಅನೇಕರ ಆಸ್ತಿಯನ್ನು ಹಿಂದಿರುಗಿಸಿತು. ಇಂದು ಅಲ್ಲಿ ಭಾರತೀಯರ ವ್ಯಾಪಾರ ಮತ್ತೆ ಚೆನ್ನಾಗಿ ನಡೆದಿದೆ.

ಅಳಿಯನಿಗೆ ಇದು ಹಳೆಯ ಕಥೆ. “ಅದೆಲ್ಲ ನಾನು ಹುಟ್ಟೋಕೆ ಮುಂಚೆ ಮಾವ,” ಎಂದು ಅವನು ನಕ್ಕುಬಿಟ್ಟ. ಈ ವರ್ತಕರು ಮಾತ್ರ ನಗಲಿಲ್ಲ. ಅಮೀನನು ಮಾಡಿದ್ದು ಅನ್ಯಾಯವೇ; ಅದಕ್ಕೆ ಸಮರ್ಥನೆಯಿಲ್ಲ. ಆದರೆ ಊರಿನ ವ್ಯಾಪಾರವೆಲ್ಲ ಕೆಲವೇ ಮನೆಗಳಲ್ಲಿ ಕೂಡಿದಾಗ, ಆ ಮನೆಗಳು ಊರಿನವರೊಡನೆ ಅಂಗಡಿಯ ಕಟ್ಟೆಯ ಹೊರತು ಬೇರೆಲ್ಲೂ ಬೆರೆಯದಿದ್ದಾಗ, ಕಷ್ಟ ಬಂದ ದಿನ ಅವರ ಪರವಾಗಿ ಮಾತನಾಡುವವರು ಎಷ್ಟು ಮಂದಿ ಇರುತ್ತಾರೆ? ಲಕ್ಕವಳ್ಳಿಯಲ್ಲಿ ತಮ್ಮ ಅಂಗಡಿಗೆ ಬೆಂಕಿ ತಗುಲಿದರೆ ನೀರು ಹಿಡಿದು ಓಡಿ ಬರುವವರ ಹೆಸರುಗಳನ್ನು ಅವರು ಬೆರಳು ಮಡಿಸಿ ಎಣಿಸಬಲ್ಲವರಾಗಿದ್ದರು. ಕಂಪಾಲಾದಲ್ಲಿ ಅಂಥ ಪಟ್ಟಿ ಬೆಳೆಯಲು ಎಷ್ಟು ವರ್ಷ ಬೇಕು?

ಅಷ್ಟರಲ್ಲಿ ಅಳಿಯ ಇನ್ನೊಂದು ಪ್ರಸ್ತಾಪ ಮುಂದಿಟ್ಟ. ಲಾಭದ ಒಂದು ಭಾಗದಲ್ಲಿ ನೂರಾರು ಎಕರೆ ಕೃಷಿಭೂಮಿಯನ್ನು ದೀರ್ಘಕಾಲದ ಗುತ್ತಿಗೆಗೆ ಹಿಡಿಯೋಣ, ನೋಡಿಕೊಳ್ಳಲು ಮಲೆನಾಡಿನ ಅನುಭವವಿರುವ ಮಾವನೇ ಇದ್ದಾರಲ್ಲ ಎಂದು. ಆಫ್ರಿಕದ ಭೂಮಿಯ ಗುತ್ತಿಗೆಯಲ್ಲಿ ಕರ್ನಾಟಕದ್ದೇ ಒಂದು ನಿದರ್ಶನವಿತ್ತು. ಗುಲಾಬಿ ಬೆಳೆಯಿಂದ ಹೆಸರಾದ ಬೆಂಗಳೂರಿನ ಕರುತುರಿ ಗ್ಲೋಬಲ್ ಸಂಸ್ಥೆ ಇಥಿಯೋಪಿಯದ ಗಂಬೆಲ್ಲಾ ಪ್ರಾಂತ್ಯದಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು 2010ರಲ್ಲಿ ಗುತ್ತಿಗೆಗೆ ಪಡೆಯಿತು. 2011ರಲ್ಲಿ ಬಾರೋ ನದಿಯ ನೆರೆ ಬೆಳೆಯನ್ನು ಹಾಳುಮಾಡಿತು. ಹೆಚ್ಚಿನ ಭೂಮಿ ಸಾಗುವಳಿಗೇ ಬರಲಿಲ್ಲ. 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆಯನ್ನು ರದ್ದುಪಡಿಸಿತು. ಅದೇ ವರ್ಷಗಳಲ್ಲಿ ಗಂಬೆಲ್ಲಾದ ಜನರನ್ನು ಸರ್ಕಾರ ಬೇರೆ ಊರುಗಳಿಗೆ ಕೂಡಿಹಾಕುತ್ತಿದೆಯೆಂಬ ದೂರು ಜಗತ್ತಿನ ಮಾನವಹಕ್ಕು ಸಂಘಟನೆಗಳಿಂದ ಕೇಳಿಬಂದಿತ್ತು.

ಇಲ್ಲಿ ವರ್ತಕರ ಮನಸ್ಸು ನಿಂತಿತು. ನೆಲ ಬಿಟ್ಟು ಬರುವುದು ಏನೆಂದು ಅವರ ಮನೆ ಬಲ್ಲದು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ, ಕಾಡಿನೊಳಗಿನ ಊರುಗಳ ನಾಲ್ಕು ನೂರಕ್ಕೂ ಹೆಚ್ಚು ಕುಟುಂಬಗಳನ್ನು 2001–02ರಲ್ಲಿ ಹೊರಗೆ ನೆಲೆಗೊಳಿಸಿದರು; ಅವರಲ್ಲಿ ಬಹುಮಂದಿ ಬಂದದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ. ನೀರಾವರಿಯ ಭೂಮಿ, ಮನೆ, ಶಾಲೆ ದೊರೆತುದರಿಂದ ದೇಶದಲ್ಲಿಯೇ ಅದೊಂದು ಒಳ್ಳೆಯ ಪುನರ್ವಸತಿ ಎಂದು ಹೆಸರಾಯಿತು. ಆದರೂ ಅಲ್ಲಿಂದ ಅಂಗಡಿಗೆ ಬಂದ ಮುದುಕರೊಬ್ಬರು ಉಪ್ಪು ಕೊಂಡು, ದುಡ್ಡು ಕೊಟ್ಟು, “ಎಲ್ಲಾ ಚೆನ್ನಾಗೈತೆ ಶೆಟ್ರೇ, ಹಳ್ಳದ ಸದ್ದೊಂದು ಇಲ್ಲ,” ಎಂದಿದ್ದರು. ಕೊಟ್ಟ ನೆಲ ಎಷ್ಟೇ ಒಳ್ಳೆಯದಾದರೂ ಬಿಟ್ಟ ನೆಲದ ಒಂದು ಬಾಬ್ತು ತೀರದೆ ಉಳಿಯುತ್ತದೆ. ಗುತ್ತಿಗೆಯ ನೂರಾರು ಎಕರೆಯಲ್ಲಿ ಯಾರ ಹಳ್ಳದ ಸದ್ದು ಇದೆಯೋ ತಿಳಿಯದೆ ಸಹಿ ಹಾಕುವುದು ಹೇಗೆ?

ಆ ದಿನಗಳಲ್ಲಿಯೇ, ಸಾಲದ ಪತ್ರ ಹುಡುಕುವಾಗ, ತಂದೆಯವರ ಹಳೆಯ ಕಿರ್ದಿಯೊಂದು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಮೊದಲ ಹಾಳೆಯಲ್ಲಿ, ಲೆಕ್ಕ ಆರಂಭವಾಗುವ ಮುಂಚೆ, ಅವರು ಸಿಂಹನಗದ್ದೆಯಲ್ಲಿ ಸ್ವೀಕರಿಸಿದ್ದ ದಿಗ್ವ್ರತದ ಎಲ್ಲೆಗಳನ್ನು ಬರೆದಿಟ್ಟಿದ್ದರು. ಉತ್ತರಕ್ಕೆ ತುಂಗಭದ್ರೆ. ದಕ್ಷಿಣಕ್ಕೆ ಶ್ರವಣಬೆಳಗೊಳ. ಪಶ್ಚಿಮಕ್ಕೆ ಸಮುದ್ರ. ಪೂರ್ವಕ್ಕೆ ಬೆಂಗಳೂರು. ಮೇಲಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟ. ಕೆಳಕ್ಕೆ ಮನೆಯ ಬಾವಿಯ ತಳ. ಸಮ್ಮೇದಶಿಖರಜಿಯ ಯಾತ್ರೆ ಇದಕ್ಕೆ ಹೊರತು.

ಶ್ರಾವಕನ ಮೂರು ಗುಣವ್ರತಗಳಲ್ಲಿ ದಿಗ್ವ್ರತ ಮೊದಲನೆಯದು. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಸಮುದ್ರ, ನದಿ, ಕಾಡು, ಬೆಟ್ಟ, ದೇಶ, ಯೋಜನಗಳನ್ನು ಎಲ್ಲೆಯಾಗಿಟ್ಟುಕೊಳ್ಳಬೇಕೆಂದು ತಿಳಿಸುತ್ತದೆ. ಇದು ಮನುಷ್ಯನನ್ನು ಕಟ್ಟಿಹಾಕಲು ಮಾಡಿದ ವಿಧಿಯಲ್ಲ. ಎಲ್ಲೆಯ ಆಚೆ ತಾನು ಕೊಳ್ಳುವುದಿಲ್ಲ, ಮಾರುವುದಿಲ್ಲ, ಯಾವ ಜೀವಿಗೂ ತನ್ನಿಂದ ಬಾಧೆಯಿಲ್ಲ ಎಂದು ಗೃಹಸ್ಥನು ಕೊಡುವ ಅಭಯವಿದು. ಆದುದರಿಂದಲೇ ಎಲ್ಲೆಯಾಚೆಯ ಮಟ್ಟಿಗೆ ಅವನ ಅಣುವ್ರತವು ಮಹಾವ್ರತಕ್ಕೆ ಸಮೀಪವಾಗುತ್ತದೆ ಎಂದು ಆಚಾರ್ಯರು ಹೇಳುತ್ತಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆ ಮೀರುವುದು ಮೂರು, ಕ್ಷೇತ್ರವೃದ್ಧಿ, ಅಂದರೆ ಲೋಭದಿಂದ ಎಲ್ಲೆಯನ್ನು ಹಿಗ್ಗಿಸುವುದು ನಾಲ್ಕನೆಯದು, ಎಲ್ಲೆಯನ್ನೇ ಮರೆತುಬಿಡುವುದು ಐದನೆಯದು. ಮರೆವನ್ನೂ ದೋಷವೆಂದು ಎಣಿಸಿರುವುದು ವ್ಯಾಪಾರಿಗಳು ಮನನ ಮಾಡತಕ್ಕ ಸಂಗತಿ. ‘ಸಾಕು’ ಎಂದು ತಾನೇ ಒಮ್ಮೆ ಇಟ್ಟುಕೊಂಡ ಗೆರೆ ಎಲ್ಲಿತ್ತೆಂಬುದನ್ನು ಹಣ ಬಂದಂತೆಲ್ಲ ಮರೆಯುವುದು ಎಲ್ಲರಿಗೂ ಸಹಜ.

ತಂದೆಯ ವ್ರತ ಮಗನನ್ನು ಬಂಧಿಸುವುದಿಲ್ಲ. ಸಮುದ್ರ ದಾಟಿದ ವರ್ತಕರು ಪುರಾಣಗಳಲ್ಲಿ ಬೇಕಾದಷ್ಟಿದ್ದಾರೆ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಚಾರುದತ್ತನ ಕಥೆಯಿದೆ. ಪುನ್ನಾಟ ಕನ್ನಡನಾಡಿನದು, ಆ ಸಂಘದ ಆಚಾರ್ಯರು ಗ್ರಂಥ ರಚಿಸಿದ್ದು ದೂರದ ವರ್ಧಮಾನಪುರದಲ್ಲಿ. ವಲಸೆಯ ಅರಿವು ಆ ಸಂಘಕ್ಕೂ ಇತ್ತು. ಸಂಪತ್ತು ಕಳೆದುಕೊಂಡ ಚಾರುದತ್ತನು ಸುವರ್ಣದ್ವೀಪಕ್ಕೆ ಹೊರಡುತ್ತಾನೆ. ಇಕ್ಕಟ್ಟಾದ ದಾರಿಯಲ್ಲಿ ಆಡುಗಳ ಬೆನ್ನೇರಿ ನಡೆಯುತ್ತಾರೆ. ದಾರಿ ಮುಗಿದ ಮೇಲೆ ಜೊತೆಗಾರ ರುದ್ರದತ್ತನು ಆ ಆಡುಗಳನ್ನೇ ಕೊಂದು, ಚರ್ಮದ ಚೀಲದೊಳಗೆ ಅಡಗಿ, ಭೇರುಂಡ ಪಕ್ಷಿಗಳು ಮಾಂಸವೆಂದು ಎತ್ತಿಕೊಂಡು ದ್ವೀಪಕ್ಕೆ ಒಯ್ಯುವಂತೆ ಮಾಡುತ್ತಾನೆ. ಚಾರುದತ್ತನು ತಡೆಯಲಾರದೆ, ಸಾಯುವ ಆಡಿಗೆ ಪಂಚನಮಸ್ಕಾರವನ್ನು ಹೇಳುತ್ತಾನೆ. ಪುರಾಣವು ಚಾರುದತ್ತನ ಪ್ರಯಾಣವನ್ನು ನಿಂದಿಸುವುದಿಲ್ಲ. ಇಕ್ಕಟ್ಟಿನ ದಾರಿಯಲ್ಲಿ ಹೊತ್ತು ತಂದ ಜೀವಕ್ಕೆ ಕೊನೆಯಲ್ಲಿ ಏನಾಯಿತೆಂಬುದನ್ನು ಓದುಗನು ಮರೆಯದಂತೆ ಮಾಡುತ್ತದೆ.

ತಮ್ಮನ್ನು ಹೊತ್ತವರು ಯಾರೆಂದು ವರ್ತಕರು ಯೋಚಿಸಿದರು. ತಾಯಿಗೆ ಎಂಬತ್ತೊಂದು. ದೊಡ್ಡ ಮಗಳು ಚಿತ್ರದುರ್ಗದಲ್ಲಿ. ತಾಯಿಯನ್ನು ನೋಡಿಕೊಳ್ಳಲು ಆಳು ಇಡಬಹುದು, ಹಣವೂ ಕಳುಹಿಸಬಹುದು. ತಾಯಿಯನ್ನೇ ಕೇಳಿದಾಗ ಅವರು ಅಡ್ಡ ಬರಲಿಲ್ಲ. “ನಾ ಇದೀನಿ ಅಂತ ನೀ ನಿಲ್ಲಬೇಡ ಮಗಾ. ನಾ ಇನ್ನೆಷ್ಟು ದಿನ? ಹೋಗೋದು ಸಾಲ ತೀರ್ಸೋಕೋ, ಇನ್ನೂ ಬೇಕು ಅಂತಲೋ, ಅದನ್ನ ಮಾತ್ರ ನಿನ್ನ ನೀನೇ ಕೇಳ್ಕೋ.” ಪತ್ನಿ ಕೇಳಿದ್ದು ಬೇರೆ ಪ್ರಶ್ನೆ: “ಹಗಲೆಲ್ಲ ಅಂಗಡಿ ಇರುತ್ತೆ, ಸರಿ. ಸಂಜೆ ಕದ ಹಾಕಿದ ಮೇಲೆ ಯಾರ ಜಗುಲಿ ಮೇಲೆ ಕೂರ್ತೀರಿ?” ಟ್ರಸ್ಟಿನ ಹಿರಿಯರೊಬ್ಬರು ಮಾತ್ರ, ಹೋದರೆ ಬಸದಿಯ ಜೀರ್ಣೋದ್ಧಾರಕ್ಕೂ ಅನುಕೂಲವಾದೀತೆಂದು ನಗುನಗುತ್ತ ಹೇಳಿದರು. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ದಾನಕ್ಕಾಗಿ ಲೋಭವನ್ನು ಬೆಳೆಸಿಕೊಳ್ಳುವುದು, ತೊಳೆಯುವ ಸಲುವಾಗಿ ಕೆಸರು ಮೆತ್ತಿಕೊಂಡಂತೆ ಎಂದು ಮನೆಯಲ್ಲಿ ಹೇಳಿದರಂತೆ.

ತಾಯಿಯ ಪ್ರಶ್ನೆಯೇ ಲೆಕ್ಕವನ್ನು ಬಗೆಹರಿಸಿತು. ಸಾಲ ತೀರಿಸುವುದೇ ಉದ್ದೇಶವಾದರೆ ಅದಕ್ಕೆ ದಾರಿ ಊರಿನಲ್ಲಿಯೇ ಇತ್ತು. ಆದರೆ ಆ ದಾರಿ ನೋವಿನದು. ತರೀಕೆರೆಯ ನಿವೇಶನವನ್ನೂ, ನಾಲ್ಕು ಎಕರೆ ತೋಟದಲ್ಲಿ ಒಂದು ಎಕರೆಯನ್ನೂ ಮಾರಿದರು. ಆ ಎಕರೆ ತಂದೆ ಮೊದಲು ಕೊಂಡದ್ದು. ಮಗನ ವಿದೇಶದ ಓದು ನಿಂತಿತು. ಅವನು ಕೆಲವು ವಾರ ತಂದೆಯೊಡನೆ ಸರಿಯಾಗಿ ಮಾತನಾಡಲಿಲ್ಲ, “ನಿಮ್ಮ ವ್ರತಕ್ಕೆ ನಾನು ಯಾಕೆ ಬೆಲೆ ಕೊಡಬೇಕು?” ಎಂದೂ ಒಮ್ಮೆ ಕೇಳಿದ. ಆ ಮಾತಿಗೆ ವರ್ತಕರ ಬಳಿ ಪೂರ್ತಿ ಉತ್ತರ ಇರಲಿಲ್ಲ. ಇಲ್ಲವೆಂದು ಅವರು ಮಗನಿಗೇ ಒಪ್ಪಿಕೊಂಡರು. ಸ್ವಂತ ದುಡಿಮೆಯಿಂದ ಮುಂದೆ ಅವನು ಎಲ್ಲಿಗೆ ಹೋದರೂ ತಡೆಯುವುದಿಲ್ಲವೆಂದು ಮಾತು ಕೊಟ್ಟರು. ಅವನು ಮನೆಗೆ ಹತ್ತಿರವಾದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂ. ಸೇರಿದ.

ಅಳಿಯನಿಗೂ ಬೇಸರವಾಯಿತು. ಅವನನ್ನು ಕೈಬಿಡುವುದು ಇವರ ಮನಸ್ಸಿಗೆ ಒಪ್ಪಲಿಲ್ಲ. ಪ್ರತಿ ಶನಿವಾರ ಸಂಜೆ ಅವನು ಕಳುಹಿಸುವ ಲೆಕ್ಕವನ್ನು ಲಕ್ಕವಳ್ಳಿಯಲ್ಲಿಯೇ ಕುಳಿತು ನೋಡಿ, ತಪ್ಪಿದ್ದರೆ ಫೋನಿನಲ್ಲಿ ಹೇಳುವುದೆಂದು ಗೊತ್ತಾಯಿತು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಗೊತ್ತುಪಡಿಸಿದ ಸ್ಥಳದ ಆಚೆಗೆ ಕೂಗಿ ಹೇಳಿ ಕೆಲಸ ನಡೆಸುವ ಶಬ್ದಾನುಪಾತವನ್ನು ದೇಶವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ; ಕಾಲು ದಾಟದಿದ್ದರೂ ಆಸೆ ದಾಟಬಹುದೆಂಬುದನ್ನು ಪೂರ್ವಾಚಾರ್ಯರು ಟೆಲಿಫೋನು ಬರುವ ಮೊದಲೇ ಬಲ್ಲವರಾಗಿದ್ದರು. ಆದುದರಿಂದ ಅವರು ಪಾಲನ್ನೂ ಸಂಬಳವನ್ನೂ ಒಪ್ಪಲಿಲ್ಲ. ಅಕ್ಕನ ಮಗನಿಗೆ ಮಾವ ಮಾಡುವ ಸಹಾಯವಾಗಿ ಮಾತ್ರ ಅದನ್ನು ಇಟ್ಟುಕೊಂಡರು. ಗುತ್ತಿಗೆ ಭೂಮಿಯ ಮಾತು ಬಂದಾಗ, ಆ ನೆಲದಲ್ಲಿ ಈಗ ಯಾರಿದ್ದಾರೆಂದು ನಡೆದು ನೋಡಿ, ಮಾತನಾಡಿಸಿ, ಆಮೇಲೆ ಯೋಚಿಸು ಎಂದರು. ಅವನು ನೋಡಿ ಬಂದು ಆ ವಿಚಾರವನ್ನು ಕೈಬಿಟ್ಟ.

ಹೋದವರೆಲ್ಲ ತಪ್ಪಿದರು, ಉಳಿದವರೆಲ್ಲ ಗೆದ್ದರು ಎಂಬುದು ಇದರ ತಾತ್ಪರ್ಯವಲ್ಲ. ಮನೆಯಲ್ಲಿ ಅನ್ನಕ್ಕೆ ಕೊರತೆಯಿದ್ದವನಿಗೆ, ಊರಿನಲ್ಲಿ ದುಡಿಮೆಯೇ ಸಿಗದವನಿಗೆ ದೂರದೇಶ ಧರ್ಮಸಮ್ಮತವಾದ ಆಸರೆ. ಅಲ್ಲಿ ನೆಲೆಸಿ, ಊರಿನವರೊಡನೆ ಬೆರೆತು, ನ್ಯಾಯವಾಗಿ ದುಡಿದು, ಧರ್ಮವನ್ನು ಉಳಿಸಿಕೊಂಡ ಶ್ರಾವಕರು ಅನೇಕರಿದ್ದಾರೆ. ಹೋಗುವವರೂ ಉಳಿಯುವವರೂ ಮೊದಲು ಬರೆದುಕೊಳ್ಳಬೇಕಾದದ್ದು ಒಂದೇ: ಎಷ್ಟಾದರೆ ಸಾಕು, ಎಷ್ಟು ವರ್ಷ, ಎಲ್ಲಿಯವರೆಗೆ. ಹಣ ಕೈಗೆ ಬಂದ ಮೇಲೆ ಹಾಕಿದ ಗೆರೆ ಹಣದ ಹಿಂದೆಯೇ ಸರಿಯುತ್ತದೆ. ಹೊರಡುವ ಮುಂಚೆ ಹಾಕಿದ ಗೆರೆಯೇ ವ್ರತ. ಬಸದಿಗಳ ಟ್ರಸ್ಟಿನವರೂ ಊರು ಬಿಡುವ ಶ್ರಾವಕನಿಂದ ದೇಣಿಗೆಯ ಮಾತು ತೆಗೆಯುವ ಮುಂಚೆ, ಅವನು ಬಿಟ್ಟುಹೋಗುವ ವೃದ್ಧರನ್ನು ವಾರಕ್ಕೊಮ್ಮೆ ನೋಡಿಬರುವ ಹೊಣೆ ಹೊತ್ತರೆ ಅದು ದೊಡ್ಡ ವೈಯಾವೃತ್ಯವಾದೀತು.

ಆ ವರ್ಷದ ಪರ್ಯೂಷಣದ ಬಳಿಕ ವರ್ತಕರು ಸಿಂಹನಗದ್ದೆಗೆ ಹೋಗಿ ತಮ್ಮ ದಿಗ್ವ್ರತವನ್ನು ಸ್ವೀಕರಿಸಿದರು. ಮಗ ಮುಂದೆ ಎಲ್ಲಿ ನೆಲೆಸುವನೋ ತಿಳಿಯದಾದುದರಿಂದ, ಅವನ ಮನೆಗೆ ಹೋಗಿಬರುವುದನ್ನು ಮಾತ್ರ ಹೊರತುಪಡಿಸಿ, ವ್ಯಾಪಾರಕ್ಕೆ ಕರ್ನಾಟಕದ ಗಡಿಯನ್ನೇ ಎಲ್ಲೆಯಾಗಿಟ್ಟರು. ಊರಿಗೆ ಬಂದು, ಹೊಸ ಕಿರ್ದಿಯ ಮೊದಲ ಹಾಳೆಯಲ್ಲಿ ಆರು ದಿಕ್ಕುಗಳನ್ನೂ ಬರೆದರು. ಕೆಳಕ್ಕೆ ಎಂಬಲ್ಲಿ ತಂದೆಯ ಎಲ್ಲೆಯನ್ನೇ ಉಳಿಸಿಕೊಂಡರು: ಮನೆಯ ಬಾವಿಯ ತಳ.